ಮೊಲಕ್ಕೊಂದು ಗೋಗ್ರಾಸ

ಬೆಳಿಗ್ಗೆ ಆರು ಗಂಟೆಗೆ ಲಿವಿಂಗ್ ರೂಮಿನ ಕಾರ್ಪೆಟ್ ಮೇಲೆ ಅಂಬೆಗಾಲಿಟ್ಟುಕೊಂಡು, ಕೊತ್ತಂಬರಿ ಸೊಪ್ಪು ಕಟ್ಟಿದ ದಾರವನ್ನು ಎಳೆಯುತ್ತಾ, "ಬಾರೋ, ಒಂದೇ ಒಂದು ಹೆಜ್ಜೆ ಬಾರೋ" ಎಂದು ಗೋಗರೆಯುವ ಐವತ್ತೆರಡು ವರ್ಷದ ಹೆಂಗಸನ್ನು ಯಾರಾದರೂ ಕಿಟಕಿಯಿಂದ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಆ ಹೆಂಗಸು ನಾನೇ. ಎಂಟೂವರೆ ಹೊತ್ತಿಗೆ ಸೌತ್‌ಫೀಲ್ಡಿನ ಆಫೀಸಿನಲ್ಲಿ ಕೂತು ಹದಿನೈದು ಜನರ ಟೀಮಿಗೆ ಇದು ಮಾಡಿ, ಅದು ಮಾಡಿ ಎಂದು ಹೇಳುತ್ತಿದ್ದೆ. ಅವರೆಲ್ಲ ಮಾಡುತ್ತಿದ್ದರು. ಈ ಮೊಲ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಬೂದು ಬಣ್ಣದ, ಜೋಲು ಕಿವಿಯ ಗಂಡು ಮೊಲ. ಬೀಗರ ಊಟ ಮುಗಿಸಿ ಜಮಖಾನದ ಮೇಲೆ ಅಡ್ಡಾದ ಗಂಡಸರ ಹಾಗೆ ಹಿಂಗಾಲು ಚಾಚಿ, ಹೊಟ್ಟೆ ನೆಲಕ್ಕೆ ಹಾಸಿ ಮಲಗಿರುತ್ತಿತ್ತು. ನಾನು ದಾರ ಎಳೆದರೆ ಕಣ್ಣನ್ನಷ್ಟೇ ಆ ಕಡೆ ತಿರುಗಿಸುತ್ತಿತ್ತು. ಕೊತ್ತಂಬರಿ ಮೂತಿಯ ಹತ್ತಿರವೇ ಬಂದರೆ ಮಲಗಿದ್ದಲ್ಲೇ ಕತ್ತು ಚಾಚಿ ತಿನ್ನುತ್ತಿತ್ತು. ಅರ್ಧ ಅಡಿ ದೂರ ಹೋದರೆ, ಬೇಡ ಬಿಡು ಎಂಬಂತೆ ಕಣ್ಣು ಮುಚ್ಚುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದು ನನ್ನ ಮೊಲವಲ್ಲ, ಮಗಳದು. ಅವಳು ಕಾಲೇಜಿಗೆ ಸೇರಿದ ವರ್ಷ ತಂದದ್ದು. ಆಮೇಲೆ ಮೆಡಿಕಲ್ ಓದಲು ಸೇರಿದಳು. ಎರಡನೇ ವರ್ಷದ ನಡುವೆ ಒಂದು ದಿನ ಊಟದ ಟೇಬಲ್ಲಿನಲ್ಲಿ ಕೂತು, ಬಿಟ್ಟುಬಿಟ್ಟೆ ಎಂದಳು. ಯಾಕೆ, ಏನಾಯಿತು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. "ಹಿಡಿದಿದ್ದು ಒಂದೂ ಮುಗ್ಸಲ್ಲ ನೀನು. ಪಿಯಾನೋ ಬಿಟ್ಟೆ, ಭರತನಾಟ್ಯ ಬಿಟ್ಟೆ, ಈಗ ಇದು. ನೋಡ್ತಾ ಇರು, ಕೊನೆಗೆ ಆ ಮೊಲಾನೂ ನನ್ನ ತಲೆಗೇ ಕಟ್ಟಿ ಹೋಗ್ತೀಯ" ಎಂದೆ. ಅವಳು ಅರ್ಧ ತಿಂದ ಮೊಸರನ್ನದ ತಟ್ಟೆಯನ್ನು ಸಿಂಕಿನಲ್ಲಿಟ್ಟು ರೂಮಿಗೆ ಹೋದಳು. ಆಗಸ್ಟಿನಲ್ಲಿ ಒಂದು ಕಂಪನಿಗೆ ಮನೆಯಿಂದಲೇ ಮಾಡುವ ಕೆಲಸ ಹಿಡಿದು, ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿಗೆ ಹೊರಟುಹೋದಳು. ಆ ಅಪಾರ್ಟ್‌ಮೆಂಟಿನಲ್ಲಿ ಪ್ರಾಣಿ ಸಾಕುವ ಹಾಗಿರಲಿಲ್ಲ. ಮೊಲ ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಮನೆಯಲ್ಲೇ ಉಳಿಯಿತು. ನಾನು ಆಡಿದ ಮಾತು ನಿಜವಾಯಿತಲ್ಲ ಎಂದು ನನಗೆ ಒಂದು ಚೂರೂ ಸಮಾಧಾನವಾಗಲಿಲ್ಲ.

ಅಪ್ಪನಿಗೆ ಆಗಾಗ ಫೋನ್ ಮಾಡುತ್ತಿದ್ದಳು. ನನಗೆ ಮಾಡುತ್ತಿರಲಿಲ್ಲ. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಆದರೆ ಪ್ರತಿದಿನ ಸಂಜೆ ಏಳಕ್ಕೆ, ಅಂದರೆ ಅವಳ ಆರು ಗಂಟೆಗೆ, ಇಂಗ್ಲಿಷಿನಲ್ಲಿ ಒಂದು ಸಾಲಿನ ಮೆಸೇಜ್ ಬರುತ್ತಿತ್ತು. ಇವತ್ತು ಅವನು ಓಡಾಡಿದನಾ? ಅವನು ಅಂದರೆ ಮೊಲ. ಅಷ್ಟೇ. ಅಮ್ಮ ಎನ್ನುವ ಪದವೂ ಇರುತ್ತಿರಲಿಲ್ಲ. ಆ ಒಂದು ಸಾಲಿಗಾಗಿ ನಾನು ಆರೂವರೆಯಿಂದಲೇ ಫೋನನ್ನು ಒಗ್ಗರಣೆ ಸೌಟಿನ ಪಕ್ಕ ಇಟ್ಟುಕೊಂಡು ಕಾಯುತ್ತಿದ್ದೆ.

ಅಕ್ಟೋಬರಿನಲ್ಲಿ ಪ್ರಾಣಿ ಡಾಕ್ಟರು ಮೊಲವನ್ನು ತೂಕಕ್ಕೆ ಹಾಕಿ ಹುಬ್ಬುಗಂಟಿಕ್ಕಿದರು. ಆರು ಪೌಂಡ್ ಇರಬೇಕಾದದ್ದು ಏಳೂವರೆ ಇತ್ತು. ಅಂಗಾಲಿನ ಕೂದಲು ಉದುರಿ ಕೆಂಪಾಗಿತ್ತು. ಇದು ಓಡಾಡಲೇಬೇಕು, ಒಂದೇ ಕಡೆ ಬಿದ್ದುಕೊಂಡಿದ್ದರೆ ಕರುಳು ನಿಂತುಹೋಗುತ್ತದೆ, ಮೊಲದ ಕರುಳು ನಿಂತರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು ಎಂದರು. ಅದನ್ನೆಲ್ಲ ಮಗಳಿಗೆ ಬರೆದೆ. ಅವಳ ಉತ್ತರ ಎರಡು ಸಾಲಿನದು. ನಿನ್ನ ಕೈಲಿ ಆಗದಿದ್ದರೆ ಹೇಳು, ನಾನು ಬೇರೆ ಯಾರದಾದರೂ ಮನೆ ನೋಡುತ್ತೇನೆ. ಹೊಸ ವರ್ಷದವರೆಗೆ ನೋಡೋಣ.

ಮೊಲ ಬೇರೆಯವರ ಮನೆಗೆ ಹೋದರೆ ಸಂಜೆ ಏಳಕ್ಕೆ ನನಗೆ ಯಾರು ಬರೆಯುತ್ತಾರೆ? ನಿಜ ಹೇಳಬೇಕೆಂದರೆ ಆಗ ನನಗೆ ಮೊಲದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಒಂದು ಸಾಲು. ಅದಕ್ಕಾಗಿ ಈ ಸೋಮಾರಿಯನ್ನು ಶತಾಯಗತಾಯ ಓಡಿಸಲೇಬೇಕಾಗಿತ್ತು.

ಏನೇನು ಮಾಡಲಿಲ್ಲ ನಾನು. ಅಡಿಗೆಮನೆಯ ರಟ್ಟಿನ ಡಬ್ಬಗಳನ್ನೆಲ್ಲ ಸೇರಿಸಿ ಟೇಪು ಹಾಕಿ ಸುರಂಗ ಮಾಡಿದೆ. ಮೊಲ ಒಳಗೆ ಹೋಯಿತು, ಅಲ್ಲೇ ಮಲಗಿತು, ಡಬ್ಬ ಬಿಚ್ಚಿ ಹೊರಗೆ ತೆಗೆಯಬೇಕಾಯಿತು. ಅಂಗಡಿಯಿಂದ ತಂದ ಮೊಲದ ಕಾಳನ್ನು ಒಂದೇ ಬಟ್ಟಲಿಗೆ ಹಾಕದೆ ರೂಮಿನ ತುಂಬ ಚೆಲ್ಲಿದೆ. ಹತ್ತಿರದಲ್ಲಿದ್ದ ನಾಲ್ಕು ತಿಂದು ಉಳಿದದ್ದನ್ನು ನನಗೇ ಬಿಟ್ಟಿತು. ಮೆಟ್ಟಿಲ ಮೇಲೆ ಬಾಳೆಹಣ್ಣಿನ ವಾಸನೆ ಸವರಿದೆ. ಮೊಲದ ಎದೆಗೆ ಪಟ್ಟಿ ಕಟ್ಟಿ ಹಿತ್ತಲಿಗೆ ಕರೆದುಕೊಂಡು ಹೋದೆ. ಪಕ್ಕದ ಮನೆಯಾತ ಎಲೆ ಗುಡಿಸುವುದನ್ನು ನಿಲ್ಲಿಸಿ ಹತ್ತು ನಿಮಿಷ ನೋಡಿದ. ಅಷ್ಟು ಹೊತ್ತೂ ಮೊಲ ಹುಲ್ಲಿನ ಮೇಲೆ ಕಲ್ಲುಗುಂಡಿನ ಹಾಗೆ ಕೂತಿತ್ತು. ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೂ ವ್ಯಾಯಾಮವಾಗಲಿಲ್ಲ.

ಪ್ರತಿ ಭಾನುವಾರ ಅದರ ತೂಕ ನೋಡುತ್ತಿದ್ದೆ. ಊರಿಗೆ ಹೊರಡುವಾಗ ಸೂಟ್‌ಕೇಸು ಐವತ್ತು ಪೌಂಡು ಮೀರದ ಹಾಗೆ ನೋಡಿಕೊಳ್ಳಲು ನಾವೆಲ್ಲ ಒಂದು ಕೊಕ್ಕೆಯ ತಕ್ಕಡಿ ಇಟ್ಟುಕೊಂಡಿರುತ್ತೇವಲ್ಲ, ಅದರಲ್ಲಿ. ಮೊಲವನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ಕೊಕ್ಕೆಗೆ ನೇತುಹಾಕುತ್ತಿದ್ದೆ. ಚೀಲದಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡುತ್ತಿತ್ತು. ಕಾಳನ್ನು ಅರ್ಧಕ್ಕೆ ಇಳಿಸಿದ್ದೆ. ಹಣ್ಣು ಪೂರ್ತಿ ನಿಲ್ಲಿಸಿದ್ದೆ. ಆದರೂ ನವೆಂಬರಿನ ಮೊದಲ ಭಾನುವಾರ ಏಳೂವರೆ ಇದ್ದದ್ದು ಕೊನೆಯ ಭಾನುವಾರ ಏಳೂಮುಕ್ಕಾಲು ಆಯಿತು. ತಕ್ಕಡಿ ಕೆಟ್ಟಿರಬೇಕೆಂದು ಅಕ್ಕಿಯ ಚೀಲ ನೇತುಹಾಕಿ ನೋಡಿದೆ. ಹತ್ತು ಪೌಂಡಿನ ಅಕ್ಕಿ ಹತ್ತೇ ತೋರಿಸಿತು. ತಲೆ ಕೆಟ್ಟು ಹೋಯಿತು.

"ಮೊಲ ತಾನೆ, ಬಿಡೇ" ಎಂದರು ನನ್ನ ಗಂಡ. ಅವರು ಹೆಚ್ಚು ಮಾತಾಡುವವರಲ್ಲ. ಅವರಿಗೆ ಮಗಳ ಫೋನು ಬರುತ್ತಿತ್ತು, ಬಿಡೇ ಎನ್ನಬಹುದಿತ್ತು.

ಆಗ ಸುಳ್ಳು ಶುರು ಮಾಡಿದೆ. ಇವತ್ತು ಇಪ್ಪತ್ತು ನಿಮಿಷ ಓಡಿದ ಎಂದು ಬರೆದೆ. ಮರುದಿನ ಅರ್ಧ ಗಂಟೆ ಎಂದೆ. ಒಂದು ದಿನ ಅದು ಹೇಗೋ ನಾಲ್ಕು ನೆಗೆತ ನೆಗೆದದ್ದು ನನ್ನ ಫೋನಿನಲ್ಲಿ ಸಿಕ್ಕಿತ್ತು. ಅದನ್ನೇ ಹಿಂದೆ ಮುಂದೆ ಕತ್ತರಿಸಿ ಮೂರು ಸಲ ಕಳಿಸಿದೆ. ಮೂರನೆಯ ಸಲ ಅವಳು, ಸೋಫಾ ಮೇಲೆ ಅದೇ ಟವೆಲ್ ಇದೆ ಎಂದು ಬರೆದಳು. ಬೇರೇನೂ ಬರೆಯಲಿಲ್ಲ. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಮಾರನೆಯ ಸಂಜೆ ಅವಳ ಸಾಲು ಬಂದಾಗ, ಟವೆಲ್ ತೆಗೆದಿಟ್ಟು, ಮತ್ತೆ ಸುಳ್ಳನ್ನೇ ಬರೆದೆ.

ಮನೆಯಲ್ಲಿ ಆಗ ನನ್ನ ಅತ್ತೆಯೂ ಇದ್ದರು. ಧಾರವಾಡದಿಂದ ಸೆಪ್ಟೆಂಬರಿನಲ್ಲಿ ಆರು ತಿಂಗಳಿಗೆಂದು ಬಂದಿದ್ದರು. ಮಂಡಿ ನೋವು. ಡಾಕ್ಟರು ದಿನಾ ನಡೆಯಬೇಕು ಎಂದಿದ್ದರೂ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಅವರು ಸೋಫಾದ ಮೇಲೆ, ಮೊಲ ಸೋಫಾದ ಕೆಳಗೆ. ನಾನು ಕಾರ್ಪೆಟ್ ಮೇಲೆ ಒದ್ದಾಡುವುದನ್ನು ಇಬ್ಬರೂ ನೋಡುತ್ತಿದ್ದರು.

"ಯಾಕವಾ ಅದರ ಜೀವಾ ತಿಂತೀ? ಅದರ ಪಾಡಿಗೆ ಅದು ಕೂತದ" ಎನ್ನುತ್ತಿದ್ದರು ಅತ್ತೆ. ಮೊಲಪ್ಪ ಎಂದು ಕರೆಯುತ್ತಿದ್ದರು ಅದನ್ನು.

"ಅತ್ತೆ, ಅವನಿಗೆ ಏನೂ ತಿನ್ನೋಕೆ ಕೊಡಬೇಡಿ, ಡಾಕ್ಟರ್ ಹೇಳಿದಾರೆ" ಎಂದು ನಾನು ಎರಡು ಸಲ ಹೇಳಿದ್ದೆ. ಎರಡು ಸಲವೂ ಅವರು ಹೂಂ ಎಂದಿದ್ದರು.

ಡಿಸೆಂಬರಿನ ಒಂದು ಗುರುವಾರ ಆಫೀಸಿನಲ್ಲಿ ಹೀಟಿಂಗ್ ಕೆಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಹನ್ನೆರಡರ ಹೊತ್ತಿಗೆ ಗರಾಜಿನ ಬಾಗಿಲಿಂದ ಒಳಗೆ ಬಂದೆ. ಅತ್ತೆ ಊಟಕ್ಕೆ ಕೂತಿದ್ದರು. ಎದುರಿಗೆ ಅವರ ಊಟದ ತಟ್ಟೆ, ಪಕ್ಕದಲ್ಲಿ ಊರಿನಿಂದ ತಂದ ಅಂಗೈಯಗಲದ ಸ್ಟೀಲ್ ತಟ್ಟೆ. ಅದರಂಚಿಗೆ ಚಮಚದಿಂದ ಟಣ್ ಟಣ್ ಎಂದು ಮೂರು ಸಲ ಬಡಿದರು. ಲಿವಿಂಗ್ ರೂಮಿನ ಆ ತುದಿಯಿಂದ ಏನೋ ಧಡಧಡ ಬಂತು. ಮೊಲ. ನನ್ನ ಮೊಲ ಕಿವಿ ಹಿಂದಕ್ಕೆ ಹಾರಿಸಿಕೊಂಡು ಓಡುತ್ತಿತ್ತು. ಅಡ್ಡ ಇದ್ದ ಚಪ್ಪಲಿಯನ್ನು ಹಾರಿತು. ಅಡಿಗೆಮನೆಯ ಟೈಲ್ಸ್ ಮೇಲೆ ಜಾರಿತು. ಜಾರಿದ್ದನ್ನು ಲೆಕ್ಕಿಸದೆ ಅತ್ತೆಯ ಕಾಲ ಬುಡಕ್ಕೆ ಬಂದು ಎರಡು ಕಾಲ ಮೇಲೆ ನಿಂತಿತು. ಅವರು ಸಣ್ಣ ತಟ್ಟೆಯಿಂದ ಒಂದು ಉಂಡೆ ಕೊಟ್ಟರು. ಚಪಾತಿ, ಬೆಲ್ಲ, ಬಾಳೆಹಣ್ಣು ಕಿವುಚಿ ಕಟ್ಟಿದ ಉಂಡೆ. ಆಮೇಲೆ ನೆನೆಸಿದ ಕಡಲೆಬೇಳೆ. ಆಮೇಲೆ ಅದಕ್ಕೆ ಕೈ ಮುಗಿದರು.

ನಾನು ಕಾರಿನ ಕೀ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಒಂದೂವರೆ ತಿಂಗಳು ನಾನು ಅದರ ಮುಂದೆ ತೆವಳಿದ್ದೆ. ನನಗಾಗಿ ಒಂದು ಹೆಜ್ಜೆ ಇಟ್ಟಿರಲಿಲ್ಲ ಅದು.

"ಏನಿದು ಅತ್ತೆ?"

"ಗೋಗ್ರಾಸ" ಎಂದರು, ಸಿಕ್ಕಿಬಿದ್ದವರ ಅಳುಕೇನೂ ಇಲ್ಲದೆ. "ಮದುವಿ ಆದಾಗಿಂದ ಆಕಳಿಗೆ ಒಂದು ತುತ್ತು ಇಡಲಾರದ ನಾ ಉಂಡಿಲ್ಲ. ಹಿತ್ತಲ ಬಾಗಿಲಿಗೆ ನಿಂತು ತಟ್ಟಿ ಬಡದ್ರ ಆಕಳಾ ಬರ್ತಿತ್ತು. ಇಲ್ಲೆ ಆಕಳಾ ಎಲ್ಲದ? ಮೊದಲ ಅಳಿಲಿಗೆ ಇಡ್ತಿದ್ದೆ. ಅದಕ್ಕೂ ಯಾರೋ ಚೀಟಿ ಕಳಿಸಿದ್ರಲ್ಲ."

ಚೀಟಿ ಬಂದದ್ದು ನಿಜ. ಹಿತ್ತಲ ಡೆಕ್ ಮೇಲೆ ಆಹಾರ ಇಡಬೇಡಿ, ಇಲಿ ಹೆಗ್ಗಣ ಬರುತ್ತವೆ ಎಂದು ಬಡಾವಣೆಯ ಸಂಘದವರು ಬರೆದಿದ್ದರು. ಅತ್ತೆ ನಿಲ್ಲಿಸಿದರು ಎಂದುಕೊಂಡಿದ್ದೆ.

"ಇದು ಮೊಲ ಅತ್ತೆ. ಹಸು ಅಲ್ಲ."

"ಹುಲ್ಲು ತಿಂತದ. ಯಾರಿಗೂ ಒಂದು ಮಾತು ಅನ್ನಂಗಿಲ್ಲ. ಇನ್ನೇನು ಬೇಕವಾ?"

ಆ ಹೊತ್ತಿಗೆ ನನಗೆ ಬುದ್ಧಿ ಇರಲಿಲ್ಲ. ಒಂದೂವರೆ ತಿಂಗಳ ಸಿಟ್ಟೆಲ್ಲ ಒಟ್ಟಿಗೆ ಬಂತು. "ನಿಮಗೆ ಎಷ್ಟು ಸಲ ಹೇಳ್ಬೇಕು? ನಿಮ್ಮ ಪುಣ್ಯಕ್ಕೆ ಅವನು ಸಾಯ್ಬೇಕಾ? ಅವನು ಸತ್ರೆ ನನ್ನ ಮಗಳು ಈ ಮನೆ ಕಡೆ ತಿರುಗಿ ನೋಡಲ್ಲ. ಅದು ಬೇಕಾ ನಿಮಗೆ?" ಎಂದೆ. ದನಿ ಏರಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಹಾಗೆ ಮಾತಾಡಿದ್ದೇ ಇಲ್ಲ. ಅತ್ತೆ ಚಮಚವನ್ನು ಸಣ್ಣ ತಟ್ಟೆಯಲ್ಲಿಟ್ಟರು. ತಮ್ಮ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮಂಡಿ ಹಿಡಿದುಕೊಂಡು ಎದ್ದು ರೂಮಿಗೆ ಹೋದರು.

ಅವತ್ತು ಅವರು ಊಟ ಮಾಡಲಿಲ್ಲ. ಶುಕ್ರವಾರವೂ ಮಾಡಲಿಲ್ಲ. ಒಂದು ಲೋಟ ಹಾಲು ಕುಡಿದು, "ನನಗ ಹಸಿವಿಲ್ಲ" ಎಂದರು. ಅದು ಹಟವಲ್ಲ, ಕೊಡದೆ ಉಣ್ಣುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ಗಂಡನಿಗೆ ಎಲ್ಲ ಹೇಳಿದೆ. ಅವರು, "ನೀನು ಹೇಳಿದ್ದು ಸರಿ. ಹೇಳಿದ ರೀತಿ ಮಾತ್ರ ಮಗಳಿಗೆ ಹೇಳಿದ್ಯಲ್ಲ, ಅದೇ" ಎಂದರು.

ಶನಿವಾರ ಬೆಳಿಗ್ಗೆ ಮೊಲ ಹುಲ್ಲು ಮುಟ್ಟಲಿಲ್ಲ. ಕೊತ್ತಂಬರಿ ಮೂತಿಗೇ ಹಿಡಿದರೂ ಮುಖ ತಿರುಗಿಸಿತು. ಎಂದಿನ ಹಾಗೆ ಕಾಲು ಚಾಚಿರಲಿಲ್ಲ, ಮೈ ಮುದುಡಿ ಹಲ್ಲು ಕಡಿಯುತ್ತಾ ಕೂತಿತ್ತು. ಗೂಡಿನಲ್ಲಿ ರಾತ್ರಿಯಿಂದ ಒಂದು ಹಿಕ್ಕೆಯೂ ಇರಲಿಲ್ಲ. ಜಿಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಹಿಮದಲ್ಲಿ ಕಾರು ಜಾರುತ್ತಿದ್ದರೂ ಲೆಕ್ಕಿಸದೆ ಡ್ರೈವ್ ಮಾಡಿದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕರುಳು ನಿಧಾನವಾಗಿದೆ, ಸಿಹಿ ಮತ್ತು ಹಿಟ್ಟು ತಿಂದು ಹೀಗಾಗಿದೆ ಎಂದರು. ಬೆನ್ನಿಗೆ ನೀರಿನ ಇಂಜೆಕ್ಷನ್ ಕೊಟ್ಟರು, ಬಾಯಿಗೆ ಹಾಕುವ ಔಷಧಿ ಕೊಟ್ಟರು. ಮನೆಗೆ ಕರೆದುಕೊಂಡು ಹೋಗಿ ನಡೆಸಿ, ನಡೆದರೆ ಕರುಳೂ ನಡೆಯುತ್ತದೆ, ಸಂಜೆಯೊಳಗೆ ಹಿಕ್ಕೆ ಹಾಕದಿದ್ದರೆ ವಾಪಸ್ ಬನ್ನಿ, ಆಗ ನಾನೇನೂ ಭರವಸೆ ಕೊಡಲಾರೆ ಎಂದರು.

ಪಾರ್ಕಿಂಗಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಐದನೆಯ ಸಲಕ್ಕೆ ಎತ್ತಿದಳು. ನಾಲ್ಕು ತಿಂಗಳಾಗಿತ್ತು ಅವಳ ದನಿ ಕೇಳಿ.

"ಅವನಿಗೆ ಹುಷಾರಿಲ್ಲ ಕಣೆ. ನಾನು ನಿನಗೆ ಸುಳ್ಳು ಹೇಳಿದೀನಿ. ಅವನು ಒಂದು ದಿನವೂ ಓಡಲಿಲ್ಲ. ನನ್ನ ಕೈಲಿ ಆಗಲಿಲ್ಲ" ಎಂದೆ. ಅಳು ಬಂತು, ಬರಲಿ ಎಂದು ಬಿಟ್ಟೆ.

ಅವಳು ಇಂಗ್ಲಿಷಿನಲ್ಲಿ, ಹೊರಟೆ, ಐದು ಗಂಟೆಯಲ್ಲಿ ಅಲ್ಲಿರುತ್ತೇನೆ ಎಂದಳು.

ಮನೆಗೆ ಬಂದು ಮೊಲವನ್ನು ಕಾರ್ಪೆಟ್ ಮೇಲೆ ಬಿಟ್ಟೆ. ಬಿಟ್ಟಲ್ಲೇ ಕೂತಿತು. ಹಿಂದಿನಿಂದ ಮೆಲ್ಲಗೆ ತಳ್ಳಿದೆ. ಮುಂದೆ ಹೋಗಿ ಕರೆದೆ. ಬೇಡಿಕೊಂಡೆ. ನೀನು ಏನು ಬೇಕಾದರೂ ಮಾಡು, ಇದೊಂದು ದಿನ ನಡೆದುಬಿಡು ಎಂದು ಒಂದು ಮೊಲಕ್ಕೆ ಕೈ ಮುಗಿದೆ. ಅದು ಹಲ್ಲು ಕಡಿಯಿತು. ಮಧ್ಯಾಹ್ನ ಎರಡಾಯಿತು. ನಾನು ನೆಲದ ಮೇಲೆ ಕೂತು ಬಿಕ್ಕುತ್ತಿದ್ದೆ.

ಅತ್ತೆಯ ರೂಮಿನ ಬಾಗಿಲು ತೆರೆಯಿತು. ಎರಡು ದಿನ ಊಟವಿಲ್ಲದೆ ಮುಖ ಬಾಡಿತ್ತು. ನನ್ನನ್ನೂ ನೋಡಿದರು, ಮೊಲವನ್ನೂ ನೋಡಿದರು. ಅಡಿಗೆಮನೆಗೆ ಹೋಗಿ ಆ ಸಣ್ಣ ತಟ್ಟೆ, ಚಮಚ ತಂದರು. ನನ್ನ ಮುಂದೆ ತಟ್ಟೆ ಹಿಡಿದು, "ಇದಕ್ಕೇನು ಹಾಕಬಹುದು ಹೇಳು, ಅದನ್ನಽ ಹಾಕು" ಎಂದರು.

ನಾನು ಒಂದು ಹಿಡಿ ಒಣಹುಲ್ಲು ಹಾಕಿದೆ. "ಇದು ಸಾಕಾ ಅತ್ತೆ? ಗೋಗ್ರಾಸಕ್ಕೆ?"

"ಆಕಳಿಗೆ ಹುಲ್ಲು ಸಾಲೂದಿಲ್ಲೇನು?" ಎಂದರು.

ಟಣ್ ಟಣ್ ಟಣ್. ಮೊಲದ ಒಂದು ಕಿವಿ ಅಲುಗಿತು. ಅತ್ತೆ ಮಂಡಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬಡಿದರು. "ಏಳೋ ಮೊಲಪ್ಪಾ. ನೀ ಉಣ್ಣಲಾರದ ನಾ ಹ್ಯಾಂಗ ಉಣ್ಣಲಿ?" ಮೊಲ ಎದ್ದಿತು. ಒಂದು ಹೆಜ್ಜೆ. ನಿಂತಿತು. ಮತ್ತೊಂದು. ಅತ್ತೆ ಊಟದ ಟೇಬಲ್ಲಿನ ಸುತ್ತ ನಡೆಯತೊಡಗಿದರು. ಒಂದು ಕೈ ಕುರ್ಚಿಗಳ ಬೆನ್ನಿನ ಮೇಲೆ, ಇನ್ನೊಂದರಲ್ಲಿ ತಟ್ಟೆ, ಚಮಚ. ಅದು ಕಷ್ಟವಾದಾಗ ತಟ್ಟೆ ಅವರು ಹಿಡಿದರು, ನಾನು ಪಕ್ಕದಲ್ಲಿ ನಡೆಯುತ್ತಾ ಬಡಿದೆ. ನಾನು ಬಡಿದರೆ ಮೊಲ ನಿಂತುಬಿಡುತ್ತಿತ್ತು. ಕೊನೆಗೆ ತಟ್ಟೆ ನಾನು ಹಿಡಿದೆ, ಅವರೇ ಬಡಿದರು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ ಸುತ್ತಿದೆವು, ಮುಂದೆ ಅತ್ತೆ, ನಡುವೆ ನಾನು, ಹಿಂದೆ ಮೊಲ. ಅದು ಸುಸ್ತಾಗಿ ಕೂತರೆ ಅತ್ತೆಯೂ ಕುರ್ಚಿಯಲ್ಲಿ ಕೂರುತ್ತಿದ್ದರು. ಐದು ನಿಮಿಷ ಬಿಟ್ಟು ಮತ್ತೆ ಟಣ್ ಟಣ್.

"ಅತ್ತೆ, ಅವತ್ತು ನಾನು ಹಾಗೆ ಮಾತಾಡಬಾರದಿತ್ತು" ಎಂದೆ ಒಂದು ಸುತ್ತಿನಲ್ಲಿ.

"ನಡಿ ನಡಿ" ಎಂದರು.

ಮಗಳು ಬಂದಾಗ ನಾಲ್ಕೂವರೆ. ಶೂ ಬಿಚ್ಚದೆ ಒಳಗೆ ಬಂದು, ನಮ್ಮ ಮೆರವಣಿಗೆ ನೋಡಿ ಬಾಗಿಲಲ್ಲೇ ನಿಂತಳು. ತೆಳ್ಳಗಾಗಿದ್ದಳು. ನೆಲಕ್ಕೆ ಮೊಣಕಾಲೂರಿ ಮೊಲದ ಹೊಟ್ಟೆಗೆ ಕಿವಿಯಿಟ್ಟಳು. ಔಷಧಿಯ ಹೊತ್ತು ಕೇಳಿದಳು. ನುರಿತ ಕೈಯಿಂದ ಅದರ ಬಾಯಿಯ ಪಕ್ಕಕ್ಕೆ ಸಿರಿಂಜ್ ಇಟ್ಟು ಹನಿ ಹನಿ ಕುಡಿಸಿದಳು. ಆಮೇಲೆ ಅವಳೂ ನಮ್ಮ ಹಿಂದೆ ಸುತ್ತತೊಡಗಿದಳು. ಹೊರಗೆ ಕತ್ತಲಾಗುವ ಹೊತ್ತಿಗೆ ಅವಳು ಟೇಬಲ್ಲಿನ ಕೆಳಗೆ ನುಗ್ಗಿ, ಅಂಗೈಯಲ್ಲಿ ಏನೋ ಹಿಡಿದುಕೊಂಡು ಹೊರಗೆ ಬಂದಳು. ಕಡಲೆಕಾಳಿಗಿಂತ ಸಣ್ಣದೊಂದು ಹಿಕ್ಕೆ. ನಮ್ಮಿಬ್ಬರಿಗೂ ತೋರಿಸಿದಳು. ತೋರಿಸುತ್ತಲೇ ಅತ್ತಳು.

ಅತ್ತೆ ಒಂದು ಎಸಳು ಹುಲ್ಲನ್ನು ಮೊಲದ ಮುಂದೆ ಹಿಡಿದರು. ಅದು ಮೂಸಿ ನೋಡಿ, ತುದಿಯಿಂದ ಸ್ವಲ್ಪ ಕಚ್ಚಿತು. ಅತ್ತೆ ಕೈ ತೊಳೆದು ಬಂದು ಟೇಬಲ್ಲಿಗೆ ಕೂತರು. "ಇನ್ನ ನನಗ ಬಡಸವಾ. ಹಸಿವಾಗ್ಯದ" ಎಂದರು.

ಭಾನುವಾರ ಮಧ್ಯಾಹ್ನ ಮಗಳು ಮೊಲವನ್ನು ಬುಟ್ಟಿಯಲ್ಲಿ ಕೂರಿಸಿದಳು. ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ನವೆಂಬರಿನಲ್ಲೇ ಪ್ರಾಣಿ ಸಾಕಬಹುದಾದ ಬೇರೆ ಅಪಾರ್ಟ್‌ಮೆಂಟಿಗೆ ಹೋಗಿದ್ದಾಳಂತೆ. ಅದು ನನಗೆ ಗೊತ್ತೇ ಇರಲಿಲ್ಲ.

"ಮತ್ತೆ ಆಗಲೇ ಯಾಕೆ ಕರ್ಕೊಂಡು ಹೋಗ್ಲಿಲ್ಲ?" ಎಂದೆ.

ಅವಳು ಬುಟ್ಟಿಯ ಜಿಪ್ ಎಳೆದಳು. ನನ್ನ ಕಡೆ ನೋಡದೆ, ನೀನು ದಿನಾ ಬರೀತಾ ಇದ್ದೆಯಲ್ಲ ಎಂದಳು ಇಂಗ್ಲಿಷಿನಲ್ಲಿ.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಗರಾಜಿನ ಬಾಗಿಲಲ್ಲಿ ನಿಂತಿದ್ದೆ. ಆ ಮಾತು ಕೇಳಿದ ಮೇಲಂತೂ ಸಂಕಟ ಇನ್ನೂ ಹೆಚ್ಚಾಯಿತು. ಕೇಳುವುದಕ್ಕೆ ಅವಳಿಗೊಂದು ನೆಪವಿತ್ತು, ಹೇಳುವುದಕ್ಕೆ ನನಗೊಂದು ನೆಪವಿತ್ತು. ಎರಡೂ ಒಂದೇ ಬುಟ್ಟಿಯಲ್ಲಿ ಹೋದವು. ಆ ಸಂಜೆ ಏಳಾಯಿತು, ಎಂಟಾಯಿತು, ಮೆಸೇಜ್ ಬರಲಿಲ್ಲ. ಅವಳು ಯಾಕೆ ಬರೆದಾಳು? ಮೊಲ ಅವಳ ಹತ್ತಿರವೇ ಇದೆಯಲ್ಲ.

ಸೋಮವಾರವೂ ಬರಲಿಲ್ಲ. ಮಂಗಳವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹನ್ನೆರಡೂವರೆಗೆ ಫೋನು ರಿಂಗಾಯಿತು. ಮೆಸೇಜ್ ಅಲ್ಲ, ಫೋನೇ. ವೀಡಿಯೋದಲ್ಲಿ ಅವಳ ಮುಖ.

ಅವನು ಅಲುಗಾಡುತ್ತಿಲ್ಲ, ಹುಲ್ಲು ತಿನ್ನುತ್ತಾನೆ, ಆದರೆ ಇದ್ದಲ್ಲೇ ಬಿದ್ದಿರುತ್ತಾನೆ, ನಾನೂ ತಟ್ಟೆ ಬಡಿದೆ, ಕ್ಯಾರೇ ಅನ್ನಲಿಲ್ಲ, ಅಜ್ಜಿ ಎಲ್ಲಿ ಎಂದಳು ಇಂಗ್ಲಿಷಿನಲ್ಲಿ.

ಫೋನನ್ನು ಅತ್ತೆಯ ಮುಂದೆ ಹಿಡಿದೆ. ಅವರ ಎದುರಿಗೆ ಊಟದ ತಟ್ಟೆ ಇತ್ತು, ಮುಟ್ಟಿರಲಿಲ್ಲ. ಭಾನುವಾರದಿಂದ ಸಣ್ಣ ತಟ್ಟೆಯಲ್ಲಿ ಹುಲ್ಲಿಟ್ಟು ಹಿತ್ತಲಿಗೆ ಹಾಕಿ ಹೇಗೋ ಉಣ್ಣುತ್ತಿದ್ದರು. ಅವರು ಚಮಚ ತೆಗೆದುಕೊಂಡು ಫೋನಿನ ಹತ್ತಿರ ಬಡಿದರು. ಟಣ್ ಟಣ್ ಟಣ್. "ಬಾರೋ ಮೊಲಪ್ಪಾ." ಗ್ಲೆಂಡೇಲ್ ಹೈಟ್ಸಿನ ನೆಲದ ಮೇಲೆ ಉಗುರು ಜಾರುವ ಸದ್ದು ಕೇಳಿತು. ಪರದೆಯ ತುಂಬ ಒಂದು ಮೂಗು ಬಂತು. ಅಲ್ಲಿ ಮಗಳು ಹುಲ್ಲು ಕೊಟ್ಟಳು. ಇಲ್ಲಿ ಅತ್ತೆ ಕೈ ಮುಗಿದು ಅನ್ನ ಕಲಸಿದರು.

ಆಮೇಲೆ ಅದು ದಿನದ ಪದ್ಧತಿಯಾಯಿತು. ಮಗಳ ಊಟದ ಬಿಡುವು ಅವಳ ಹನ್ನೆರಡಕ್ಕೆ, ಅಂದರೆ ನಮ್ಮ ಒಂದಕ್ಕೆ. ಹನ್ನೆರಡಕ್ಕೆ ಊಟ ಮಾಡಿ ಅಭ್ಯಾಸವಾದ ಅತ್ತೆ ಒಂದು ಗಂಟೆಯವರೆಗೆ ಹಸಿದು ಕಾಯುತ್ತಿದ್ದರು. ಮಗಳು ಮೊಲವನ್ನು ರೂಮಿನ ಆ ತುದಿಗೆ ಬಿಟ್ಟು ಫೋನು ಈ ತುದಿಗೆ ಇಡುತ್ತಿದ್ದಳು. ಅತ್ತೆ ಬಡಿಯುವರು, ಅದು ಓಡುವುದು. ಮತ್ತೆ ಆ ತುದಿಗೆ ಬಿಡುವಳು, ಮತ್ತೆ ಬಡಿಯುವರು. ಅಜ್ಜಿ ಮೊಮ್ಮಗಳು ಮಾತಾಡುವರು. ನಾನು ಮನೆಯಲ್ಲಿದ್ದ ದಿನ ಫೋನು ಹಿಡಿಯುತ್ತಿದ್ದೆ. ನನಗೆ ಯಾರೂ ಏನೂ ಹೇಳುತ್ತಿರಲಿಲ್ಲ, ನಾನು ಬರೀ ಹಿಡಿಯುತ್ತಿದ್ದೆ. ಫೆಬ್ರವರಿಯ ಹೊತ್ತಿಗೆ ಅದರ ತೂಕ ಆರೂಮುಕ್ಕಾಲಿಗೆ ಇಳಿಯಿತು.

ಮಾರ್ಚಿನಲ್ಲಿ ಅತ್ತೆಯ ಆರು ತಿಂಗಳು ಮುಗಿಯಿತು. ಅವರ ಸೂಟ್‌ಕೇಸನ್ನು ಅದೇ ಕೊಕ್ಕೆಯ ತಕ್ಕಡಿಯಲ್ಲಿ ತೂಗಿದೆ. ಹೊರಡುವ ದಿನ ಅವರು ಸಣ್ಣ ತಟ್ಟೆಯನ್ನೂ ಚಮಚವನ್ನೂ ಒರೆಸಿ ನನ್ನ ಕೈಗೆ ಕೊಟ್ಟರು.

"ನಾನು ಬಡಿದ್ರೆ ಅವನು ಬರಲ್ಲ ಅತ್ತೆ. ಅವತ್ತೇ ನೋಡಿದ್ರಲ್ಲ."

"ನೀ ಹೆದರಿಕೊಂಡು ಬಡಿತೀ. ಉಣ್ಣಾಕ ಕರ್ದಂಗ ಬಡಿ" ಎಂದರು.

ಅವರು ಹೋದ ಮರುದಿನ ನನಗೆ ಆಫೀಸಿತ್ತು. ತಟ್ಟೆ ಚಮಚ ಎರಡನ್ನೂ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು ಹೋದೆ. ಮಗಳು ಫೋನ್ ಮಾಡುವಳೋ ಇಲ್ಲವೋ. ಮಾಡಿದರೂ ಮೊಲ ಬರದಿದ್ದರೆ ನಾಳೆಯಿಂದ ಯಾಕೆ ಮಾಡುತ್ತಾಳೆ? ಹನ್ನೆರಡೂಮುಕ್ಕಾಲಾಗುತ್ತಲೇ ಎದ್ದು ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಕೂತೆ. ಡಬ್ಬಿಯ ಚಿತ್ರಾನ್ನ ತೊಡೆಯ ಮೇಲಿತ್ತು, ತೆಗೆಯಲಿಲ್ಲ. ಒಂದಾಯಿತು. ಒಂದು ಗಂಟೆ ಎರಡು ನಿಮಿಷ. ಮೂರು. ಫೋನು ರಿಂಗಾಯಿತು.

ಅವಳು ಫೋನನ್ನು ನೆಲದ ಮೇಲೆ ನಿಲ್ಲಿಸಿದಳು. ದೂರದಲ್ಲಿ, ಗೋಡೆಯ ಪಕ್ಕ, ಬೂದು ಬಣ್ಣದ ಮುದ್ದೆ ಕಾಲು ಚಾಚಿ ಮಲಗಿತ್ತು.

ತಟ್ಟೆಯನ್ನು ಸ್ಟಿಯರಿಂಗಿಗೆ ಒರಗಿಸಿ ಮೂರು ಸಲ ಬಡಿದೆ. ಮೊಲ ತಲೆ ಎತ್ತಿತು. ಎದ್ದಿತು. ನಾಲ್ಕು ನೆಗೆತ ಬಂತು. ಕೋಣೆಯ ನಡುವಿಗೆ ಬಂದು ನಿಂತಿತು, ಯಾರು ಕರೆದದ್ದು ಎಂದು ಕಿವಿ ಅಲುಗಿಸಿತು, ಆಮೇಲೆ ಅಲ್ಲೇ ಹೊಟ್ಟೆ ಹಾಸಿ ಮಲಗಿಬಿಟ್ಟಿತು.

ಮುಗಿಯಿತು ಎಂದುಕೊಂಡೆ. ಚಮಚ ಕೆಳಗಿಟ್ಟೆ.

ಫೋನಿನ ಪಕ್ಕದಲ್ಲಿ ಅವಳ ಮುಖ ಬಂತು. ನೆಲದ ಮೇಲೆ ಮಲಗಿದ್ದಳು, ಕೆನ್ನೆ ನೆಲಕ್ಕೆ ತಾಗಿತ್ತು. ನನ್ನನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಬಡಿ, ಅಮ್ಮ. ನಾನು ಫೋನ್ ಇಡಲ್ಲ" ಎಂದಳು.

ನಾನು ಚಮಚ ಎತ್ತಿಕೊಂಡೆ.